ಇಂದ್ರಾಣಿ ಹೇಳಿದ ತಾರೀಖು

ಕೋಡಿಪಟ್ಟಿಯ ಇಂದ್ರಾಣಿಗೆ ಕೋಪ ಮೂಗಿನ ತುದಿಯಲ್ಲೇ ಇದೆ ಅಂತ ಊರೆಲ್ಲ ಹೇಳುತ್ತದೆ. ಊರಿಗೇನು ಗೊತ್ತು. ಮೂಗಿನ ತುದಿಯವರೆಗೆ ಬರಲು ಕೋಪಕ್ಕೆ ಒಂದಿಷ್ಟು ಹೊತ್ತಾದರೂ ಬೇಕು, ಇವಳದು ನಾಲಿಗೆಯ ಮೇಲೇ ಕೂತಿರುತ್ತದೆ. ಹೆಂಗಸರಿಗೆ ಟೌನ್ ಬಸ್ಸು ಪುಕ್ಕಟೆಯಾದ ಮೇಲೆ, ಸ್ಟಾಪಿನಲ್ಲಿ ಬರೀ ಸೀರೆಗಳೇ ಕಂಡರೆ ನಿಲ್ಲಿಸದೆ ಹೋಗುವ ಡ್ರೈವರುಗಳು ಕೆಲವರಿದ್ದಾರೆ. ಇಂದ್ರಾಣಿ ನಿಂತ ಸ್ಟಾಪಿನಲ್ಲಿ ಮಾತ್ರ ಅವರೂ ನಿಲ್ಲಿಸುತ್ತಾರೆ. ಒಮ್ಮೆ ನಿಲ್ಲಿಸದೆ ಹೋದವನನ್ನು ಅವಳು ಹಿಂದಿನ ಬಸ್ಸು ಹತ್ತಿ ಬೆನ್ನಟ್ಟಿದಳು. ಉತ್ತಮಪಾಳಯಂ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದವನ ಎದುರು ನಿಂತು, ಅವನ ಕೈಯ ಟೀ ಆರಿ ತಣ್ಣಗಾಗುವ ತನಕ ಮಾತಾಡಿದಳು.

ಇಲ್ಲಿ ಹೇಳಹೊರಟಿರುವುದರಲ್ಲಿ ಅವಳು ಬೇರೆಯವರ ಮೇಲೆ ಸಿಟ್ಟಾದದ್ದೂ ಇದೆ, ಬೇಕಾದಷ್ಟಿದೆ. ಆದರೆ ಎಲ್ಲಕ್ಕಿಂತ ದೊಡ್ಡ ಸಿಟ್ಟು ಅವಳಿಗೆ ಬಂದದ್ದು ತನ್ನ ಮೇಲೆಯೇ, ತಾನು ಬಾಯಿಬಿಟ್ಟು ಹೇಳಿದ ಒಂದು ತಾರೀಖಿನ ಮೇಲೆ.

ಹುಟ್ಟಿದ್ದು ನಿಲಕ್ಕೋಟ್ಟೈ ಕಡೆಯ ಮಲ್ಲಿಗೆ ತೋಟದ ಮನೆಯಲ್ಲಿ. ಎಂಟನೇ ಕ್ಲಾಸು ಪಾಸು. ಹತ್ತೊಂಬತ್ತಕ್ಕೆ ಮದುವೆಯಾಗಿ ತೇನಿ ಕಡೆಯ ಈ ಕಣಿವೆಗೆ ಬಂದಳು, ಈಗ ಐವತ್ತನಾಲ್ಕು. ಎರಡೂ ಕಡೆಯವರು ಮನೆಯೊಳಗೆ ಕನ್ನಡ ಆಡುವ ಬೇಸಾಯದ ಜನ. ಯಾವ ಕಾಲದಲ್ಲಿ ಗಂಟುಮೂಟೆ ಕಟ್ಟಿಕೊಂಡು ತಮಿಳು ಸೀಮೆಗೆ ಬಂದರೋ, ಯಾಕೆ ಬಂದರೋ, ಕೇಳಿದರೆ ಒಬ್ಬೊಬ್ಬ ಅಜ್ಜಿ ಒಂದೊಂದು ಹೇಳುತ್ತಾಳೆ. ಹೊಸ್ತಿಲು ದಾಟಿದರೆ ತಮಿಳು. ಇಂದ್ರಾಣಿ ಅಡುಗೆಮನೆಯಲ್ಲಿ ಕನ್ನಡದಲ್ಲಿ ಬೈಯಲು ಶುರುಮಾಡಿ, ಬೀದಿಗೆ ಬರುವ ಹೊತ್ತಿಗೆ ತಮಿಳಿನಲ್ಲಿ ಮುಗಿಸುತ್ತಾಳೆ. ಗಂಡ ಬಾಳೆ ಬೆಳೆಯುವವನು, ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಇವಳೇ ಆಡಿಬಿಡುತ್ತಾಳೆ.

ಊರಿನ ಮೇಲುಗಡೆ ಕೆರೆ ಇದೆ. ಮುಲ್ಲೈ ಪೆರಿಯಾರ್ ಕಾಲುವೆಗೆ ಮೊದಲ ಬೆಳೆಯ ನೀರು ಬಿಟ್ಟಾಗ ಅದರ ಒಂದು ಕವಲು ಈ ಕೆರೆಗೆ ಬಂದು ಬೀಳುತ್ತದೆ. ಬೇಸಗೆಯೆಲ್ಲ ಬಿರುಕುಬಿಟ್ಟಿದ್ದ ಅಂಚುಗಳಲ್ಲಿ ಮೊಣಕಾಲುದ್ದ ನೀರು ನಿಂತು ಹುಲ್ಲು ಏಳುತ್ತದೆ. ಆ ಹೊಸನೀರಿಗೇ ವಿರಾಲ್ ಮೀನು ಕಾದಿರುತ್ತದೆ. ಕನ್ನಡನಾಡಿನಲ್ಲಿ ಕೊರವ ಅನ್ನುತ್ತಾರಂತೆ. ಹಾವಿನ ತಲೆ, ಕಪ್ಪು ಬೆನ್ನು, ಮೊಳದುದ್ದದ ಮೈ. ಗಂಡು ಹೆಣ್ಣು ಸೇರಿ ಹುಲ್ಲು ಸರಿಸಿ ಗೂಡು ಮಾಡಿ ಮೊಟ್ಟೆಯಿಡುತ್ತವೆ, ಮರಿಯಾದ ಮೇಲೂ ಬಿಟ್ಟು ಹೋಗುವುದಿಲ್ಲ. ಮರಿಗಳು ಕೆಂಪಗಿರುತ್ತವೆ. ಸಾವಿರಗಟ್ಟಲೆ ಮರಿ ಒಂದೇ ಗುಂಪಾಗಿ ಉಸಿರಿಗೆ ಮೇಲೆ ಬಂದಾಗ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತದೆ. ಕೆಳಗೆ ಅಪ್ಪ ಅಮ್ಮನ ಕಾವಲು. ಕಪ್ಪೆ ಬಂದರೂ, ಬಾತು ಬಂದರೂ, ಮನುಷ್ಯನ ಕಾಲು ಬಂದರೂ ನುಗ್ಗಿ ಕಚ್ಚುತ್ತವೆ. ಮರಿ ತಾನಾಗಿ ಚದುರುವ ತನಕ ಅವಕ್ಕೆ ಬೇರೆ ಕೆಲಸವಿಲ್ಲ.

ಅದಕ್ಕೇ ಕಾಪು. ಕಾಲುವೆ ನೀರು ಕೆರೆಯ ತೂಬಿನ ಕಲ್ಲನ್ನು ಮುಟ್ಟಿದ ದಿನ, ಊರಿನ ಹಿರಿಯರು ಅರಿಸಿನ ಹಚ್ಚಿದ ದಾರಕ್ಕೆ ಬೇವಿನೆಲೆ ಸೇರಿಸಿ ಆ ಕಲ್ಲಿಗೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಗಾಳವಿಲ್ಲ, ಬಲೆಯಿಲ್ಲ, ಎಮ್ಮೆ ಕೂಡ ಆ ಅಂಚಿಗೆ ಇಳಿಯುವಂತಿಲ್ಲ. ಹೆಚ್ಚು ಕಮ್ಮಿ ಒಂದೂವರೆ ತಿಂಗಳು. ಆಮೇಲೆ ದಾರ ಬಿಚ್ಚುತ್ತಾರೆ, ಊರೆಲ್ಲ ಮೀನು ಹಿಡಿದು ಊರೆಲ್ಲ ಹುಳಿ ಕುದಿಸುತ್ತದೆ. ಇಂದ್ರಾಣಿಗೆ ಮೀನಿನ ಮೇಲೆ ದಯೆ ಉಕ್ಕಿ ಹರಿಯುತ್ತದೆ ಅಂತ ಯಾರೂ ತಿಳಿಯಬೇಡಿ. ಅವಳು ಮಾಡುವ ವಿರಾಲ್ ಹುಳಿಗಾಗಿ ನಾಲ್ಕು ಬೀದಿ ಆಚೆಯವರು ಮಾತಾಡಿಸುವ ನೆವ ಮಾಡಿಕೊಂಡು ಬರುತ್ತಾರೆ, ತಲೆಯ ತುಂಡು ಮಾತ್ರ ಅವಳು ಯಾರಿಗೂ ಬಡಿಸುವುದಿಲ್ಲ. ಆದರೆ ಮರಿ ಕಾಯುತ್ತಿರುವ ಮೀನನ್ನು ಹಿಡಿಯುವುದು ಅವಳ ಕಣ್ಣಿಗೆ ಬಾಣಂತಿಯ ಮನೆಗೆ ಕನ್ನ ಹಾಕಿದ್ದಕ್ಕೆ ಸಮ.

ನಾಲ್ಕು ವರ್ಷದ ಕೆಳಗೆ ಹೊರಗಿನವರು ಬರಲು ಶುರುಮಾಡಿದರು. ಕಾರು, ಟೋಪಿ, ಮಡಚುವ ಗಾಳದ ಕೋಲು. ಹಿಡಿಯೋದು, ಫೋಟೋ ತೆಗೆಯೋದು, ಬಿಡೋದು. ತಿನ್ನುವ ಆಸೆಯಿಲ್ಲದೆ ಮೀನು ಹಿಡಿಯುವವರನ್ನು ಊರು ಅಲ್ಲಿಯವರೆಗೆ ನೋಡಿರಲಿಲ್ಲ. ಅವರನ್ನು ಕರೆತಂದವನು ಬೇರೆ ಯಾರೂ ಅಲ್ಲ, ಇಂದ್ರಾಣಿಯ ಒಡಹುಟ್ಟಿದ ಅಣ್ಣನ ಮಗ ಪ್ರಭಾಕರನ್. ದಿಂಡಿಗಲ್‌ನಲ್ಲಿ ಗಾಳದ ಕೋಲು, ರೀಲು, ರಬ್ಬರಿನ ಕಪ್ಪೆ ಮಾರುವ ಅಂಗಡಿ ಇಟ್ಟಿದ್ದಾನೆ, ಮೀನು ಹಿಡಿಯುವ ವಿಡಿಯೋ ಹಾಕುತ್ತಾನೆ, ಅದಕ್ಕೊಂದು ಸಂಘವನ್ನೂ ಕಟ್ಟಿದ್ದಾನೆ. ಚಿಕ್ಕವನಿದ್ದಾಗ ರಜೆಗೆ ಅತ್ತೆಯ ಮನೆಗೆ ಬಂದು ಇದೇ ಕೆರೆಯಲ್ಲಿ ಈಜು ಕಲಿತವನು. ಕನ್ನಡ ಆಡಿದರೆ ತಿಳಿಯುತ್ತದೆ, ಉತ್ತರ ಕೊಡುವುದು ತಮಿಳಿನಲ್ಲಿ. ಅವನ ಜನ ಕಾಪು ಕಟ್ಟಿದ್ದಾಗಲೂ ಕೋಲು ಬೀಸಿದರು. ದಾರ ತೋರಿಸಿದರೆ ದಾರದ ಫೋಟೋ ತೆಗೆದುಕೊಂಡರು. "ಇದು ನಿಮ್ಮೂರ ಪದ್ಧತಿ. ಕಾನೂನು ಎಲ್ಲಿದೆ?" ಅಂದರು.

ಕಾನೂನು ಬೇಕಾ, ತರ್ತೀನಿ ಇರಿ ಅಂದಳು ಇಂದ್ರಾಣಿ.

ಸೋಮವಾರ ತೇನಿಯಲ್ಲಿ ಕಲೆಕ್ಟರು ಅರ್ಜಿ ತೆಗೆದುಕೊಳ್ಳುವ ದಿನ. ಅವಳು ಹೋದಳು, ಕಾಳಿಯಪ್ಪನ್ ಅವರನ್ನೂ ಕರೆದುಕೊಂಡು ಹೋದಳು. ಗಂಡನ ದೊಡ್ಡಪ್ಪ ಅವರು, ಹಾಗಾಗಿ ಇವಳಿಗೆ ಮಾವ. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ನಲವತ್ತು ವರ್ಷದಿಂದ ಕಾಪು ಕಟ್ಟುತ್ತಿರುವವರು ಅವರೇ. ಅರ್ಜಿ ಅಲ್ಲಿ ಇಲ್ಲಿ ಸುತ್ತಿ ಮೀನು ಆಫೀಸಿಗೆ ಬಂತು, ಅಲ್ಲಿನ ಇನ್‌ಸ್ಪೆಕ್ಟರು ತಮಿಳ್‌ಸೆಲ್ವನ್ ಇಬ್ಬರನ್ನೂ ಕರೆಸಿದ. ಹುಡುಗ ಒಳ್ಳೆಯವನು, ಅದನ್ನು ಹೇಳಲೇಬೇಕು. ಎಂಟು ವರ್ಷ ರಾಮೇಶ್ವರಂ ಕಡೆ ಕಡಲ ಕೆಲಸ ಮಾಡಿ ಬಂದಿದ್ದ. ಕುರ್ಚಿ ಎಳೆದು ಕೂರಿಸಿ, ಟೀ ತರಿಸಿದ.

"ಕಡಲಿಗೆ ಹೇಗಿದೆ ನೋಡಿ ಅಮ್ಮ," ಅಂದ. "ಏಪ್ರಿಲ್ ಹದಿನೈದಕ್ಕೆ ದೊಡ್ಡ ಬೋಟುಗಳೆಲ್ಲ ದಡ ಸೇರಬೇಕು. ಅರವತ್ತೊಂದು ದಿನ ಬಲೆ ಬಿಡೋ ಹಾಗಿಲ್ಲ. ಮೀನು ಮರಿ ಮಾಡೋ ಕಾಲ. ತಾರೀಖು ಎಲ್ಲರಿಗೂ ಗೊತ್ತಿರೋದರಿಂದ ಜಗಳವೇ ಇಲ್ಲ. ಹಾಗೇ ನಿಮ್ಮ ಕೆರೆಗೂ ಒಂದು ಆದೇಶ ಮಾಡಿಸೋಣ. ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ಹೇಳಿ."

ಇಂದ್ರಾಣಿ ಅದನ್ನು ಕನ್ನಡದಲ್ಲಿ ಮಾವನ ಕಿವಿಗೆ ಹಾಕಿದಳು. ಕಾಳಿಯಪ್ಪನ್‌ಗೆ ತಮಿಳು ಬಾರದೆ ಏನಿಲ್ಲ, ಸಂತೆಯಲ್ಲಿ ಅವರ ಹತ್ತಿರ ಚೌಕಾಸಿ ಮಾಡಿ ಗೆದ್ದವರಿಲ್ಲ. ಆದರೆ ಕೆರೆಯ ವಿಚಾರ ಅವರ ಬಾಯಲ್ಲಿ ಬೇರೆ ಭಾಷೆಯಲ್ಲಿ ಬಂದದ್ದಿಲ್ಲ.

"ಕಾಪು ಕಟ್ಟಿದ ದಿನದಿಂದ, ಮರಿ ತಾಯನ್ನ ಬಿಡೋ ತನಕ," ಅಂದರು.

ತಮಿಳ್‌ಸೆಲ್ವನ್ ಪೆನ್ನು ಎತ್ತಿ ಹಿಡಿದು ಇಂದ್ರಾಣಿಯ ಮುಖ ನೋಡಿದ. ಮೇಜಿನ ಮೇಲಿನ ಫಾರ್ಮಿನಲ್ಲಿ ಎರಡು ಚೌಕ ಖಾಲಿ ಇದ್ದವು. ಆಗ ಅವಳಿಗೆ ನಾಚಿಕೆಯಾಯಿತು. ಆಫೀಸರು ತಾರೀಖು ಕೇಳಿದರೆ ಮಾವ ದಾರ, ತಾಯಿ, ಮರಿ ಅಂತ ಹೇಳುತ್ತಿದ್ದಾರಲ್ಲ, ಇವರು ಊರಿನ ಮಾನ ಕಳೆಯುತ್ತಾರೆ ಅಂದುಕೊಂಡಳು. ತಾನು ಎಂಟನೇ ಕ್ಲಾಸು ಓದಿದವಳು. ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ದಿನಾ ಹರಿಯುವವಳು. ಆ ವರ್ಷ ನೀರು ತೂಬು ಮುಟ್ಟಿದ್ದು ಜೂನ್ ಐದಕ್ಕೆ, ಅದರ ಹಿಂದಿನ ವರ್ಷ ಆರಕ್ಕೋ ಏಳಕ್ಕೋ.

"ಜೂನ್ ಐದು ಸಾರ್," ಅಂದಳು, ತಮಿಳಿನಲ್ಲಿ, ಸ್ಪಷ್ಟವಾಗಿ. "ಜುಲೈ ಹತ್ತೊಂಬತ್ತರ ತನಕ. ನಲವತ್ತೈದು ದಿನ."

ಅವನು ಬರೆದುಕೊಂಡ. ಅವನ ಮುಖದಲ್ಲಿ ನೆಮ್ಮದಿ ಕಂಡು ಇವಳಿಗೆ ಹೆಮ್ಮೆಯಾಯಿತು. "ಏನಂದೆ ಮಗಾ?" ಅಂತ ಮಾವ ಕೇಳಿದರು. "ನೀವು ಹೇಳಿದ್ದನ್ನೇ ಹೇಳ್ದೆ ಮಾವ," ಅಂದಳು. ಆ ಮಾತು ನೆನಪಾದಾಗಲೆಲ್ಲ ಅವಳು ಈಗಲೂ ಕೈಲಿದ್ದ ಪಾತ್ರೆಯನ್ನು ಕುಕ್ಕಿ ಇಡುತ್ತಾಳೆ.

ಆದೇಶ ಬಂತು. ಕೆರೆಯ ಏರಿಯ ಮೇಲೆ ಹಸಿರು ಬೋರ್ಡು ನಿಂತಿತು, ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿಗೊಬ್ಬ ಕಾವಲುಗಾರ, ರಾಜಾ ಅಂತ. ಇಂದ್ರಾಣಿ ತವರಿನಿಂದ ನಾಲ್ಕು ಮೊಳ ಮಲ್ಲಿಗೆ ತರಿಸಿ ಬೋರ್ಡಿಗೆ ಹಾಕಿದಳು. ಓದಲು ಬಾರದವರನ್ನೆಲ್ಲ ಕೈಹಿಡಿದು ಕರೆತಂದು ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಒಂದು, ಜೂನ್ ಐದರಿಂದ ಜುಲೈ ಹತ್ತೊಂಬತ್ತರ ತನಕ ಮೀನು ಹಿಡಿಯುವಂತಿಲ್ಲ. ಎರಡು, ಉಳಿದ ದಿನ ಹೊರಗಿನವರಿಗೆ ಗಾಳದ ಕೋಲು ಮಾತ್ರ, ಬಲೆಯಿಲ್ಲ. ಮೂರು, ಅವರು ಹಿಡಿದದ್ದನ್ನು ಜೀವಸಹಿತ ಬಿಡಬೇಕು. ನಾಲ್ಕು, ದಿನಕ್ಕೆ ಇಪ್ಪತ್ತೈದು ಕೋಲು, ಹೆಚ್ಚಿಲ್ಲ. ಬೆಳಗ್ಗೆ ಆರಕ್ಕೆ ಶೆಡ್ಡಿನಲ್ಲಿ ಸಾಲು ಪ್ರಕಾರ ಟೋಕನ್, ಟೋಕನ್ ಪಡೆದವರೇ ಕೋಲು ಹಿಡಿಯಬೇಕು, ಊರಿನವರಿಗೆ ಉಚಿತ. ಈ ನಾಲ್ಕನೆಯದು ತಮಿಳ್‌ಸೆಲ್ವನ್ ತಾನೇ ಯೋಚಿಸಿ ಸೇರಿಸಿದ್ದು, ಜನ ಹೆಚ್ಚಾದರೆ ಕೆರೆ ಕಲಕಿಹೋಗುತ್ತದೆ ಅಂತ. ಅದನ್ನು ಇಂದ್ರಾಣಿ ಬೇಗ ಬೇಗ ಓದಿ ಮುಗಿಸುತ್ತಿದ್ದಳು. ಊರಿನವರು ಟೋಕನ್ ತಗೊಂಡು ಕೋಲು ಹಿಡಿದು ಕೂರುವುದುಂಟೆ, ಹೊಲ ಗದ್ದೆ ಯಾರು ನೋಡಬೇಕು.

ಮೊದಲ ವರ್ಷ ಎಲ್ಲ ಸರಿಹೋಯಿತು. ನೀರು ಜೂನ್ ನಾಲ್ಕಕ್ಕೆ ಬಂತು, ಪ್ರಭಾಕರನ್‌ನ ಜನ ಬೋರ್ಡು ನೋಡಿ ವಾಪಸು ಹೋದರು. ಆ ಒಂದೂವರೆ ತಿಂಗಳು ಇಂದ್ರಾಣಿ ನಡೆಯುವ ಗತ್ತೇ ಬೇರೆಯಿತ್ತು.

ಎರಡನೆಯ ವರ್ಷ, ಅಂದರೆ ಈ ವರ್ಷ, ಅಣೆಕಟ್ಟಿನಲ್ಲಿ ನೀರು ಸಾಲದೆ ಜೂನ್‌ನಲ್ಲಿ ಕಾಲುವೆ ತೆರೆಯಲಿಲ್ಲ. ಬೋರ್ಡಿನ ಪ್ರಕಾರ ನಿಷೇಧ ಮಾತ್ರ ಸರಿಯಾಗಿ ಐದಕ್ಕೇ ಶುರುವಾಯಿತು. ನಡುವಿನ ಮಡುವಿನಲ್ಲಿ ಒಂದಿಷ್ಟು ನೀರು ಬಿಟ್ಟರೆ ಕೆರೆಯೆಲ್ಲ ಬಿರುಕು, ರಾಜಾ ದಾರಿಗೆ ಅಡ್ಡ ಸರಪಳಿ ಹಾಕಿಕೊಂಡು ಆ ಬಿರುಕನ್ನು ಕಾಯುತ್ತ ಕೂತ. ನೀರು ತೂಬು ಮುಟ್ಟಿದ್ದು ಜುಲೈ ಎರಡಕ್ಕೆ. ಕಾಳಿಯಪ್ಪನ್ ಸ್ನಾನ ಮಾಡಿ ಬಂದು ದಾರ ಕಟ್ಟಿದರು. ಊರು ನಿಶ್ಚಿಂತೆಯಿಂದ ಸಸಿಮಡಿ ಮಾಡಲು ಹೋಯಿತು. ಬೋರ್ಡು ಬೇರೆ, ಕಾಪು ಬೇರೆ ಅಂತ ಒಬ್ಬರಿಗೂ ಹೊಳೆಯಲಿಲ್ಲ. ತಾರೀಖು ಹೇಳಿದ ಇಂದ್ರಾಣಿಗೂ ಹೊಳೆಯಲಿಲ್ಲ.

ಜುಲೈ ಇಪ್ಪತ್ತು, ಭಾನುವಾರ. ಅವಳು ಬಾಳೆಗೆ ಊರುಗೋಲು ಕೊಡಲು ತೋಟಕ್ಕೆ ಹೊರಟವಳು ಏರಿಯ ಮೇಲೆ ಕಾರುಗಳ ಸಾಲು ಕಂಡಳು. ಸರಪಳಿ ಬಿಚ್ಚಿತ್ತು. ಎರಡು ಮರದ ನಡುವೆ ಬಟ್ಟೆಯ ಬ್ಯಾನರು, ಅದರಲ್ಲಿ ಪ್ರಭಾಕರನ್‌ನ ನಗುಮುಖ. ವಿರಾಲ್ ಹಿಡಿಯುವ ಸ್ಪರ್ಧೆ, ಒಂದು ವಾರ, ದೊಡ್ಡ ಮೀನಿಗೆ ಬಹುಮಾನ. ಅವಳು ಹೆಗಲ ಮೇಲಿನ ಕೋಲುಗಳ ಸಮೇತ ಕೆಳಗಿಳಿದಳು.

ಹುಲ್ಲಿನ ಅಂಚಿನಲ್ಲಿ ಮರಿಗಳ ಕೆಂಪು ಗುಂಪು ಮೇಲೆ ಬಂದಿತ್ತು. ಒಬ್ಬ ಟೋಪಿಯವನು ಅದನ್ನು ಕಂಡು ಸರಿಯಾಗಿ ಅದರ ನಡುವೆಯೇ ರಬ್ಬರಿನ ಕಪ್ಪೆ ಎಸೆದ. ಎರಡನೆಯ ಎಸೆತಕ್ಕೆ ತಾಯಿ ನುಗ್ಗಿ ಬಂತು. ರೀಲು ಸುತ್ತಿದ, ಎಳೆದ, ಚಾಪೆಯ ಮೇಲೆ ಮಲಗಿಸಿ ಟೇಪು ಹಿಡಿದು ಅಳೆದ. ನಾಲ್ಕು ಜನ ಸರದಿಯ ಮೇಲೆ ಅದನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಇಂದ್ರಾಣಿ ಮೀನನ್ನು ನೋಡಲಿಲ್ಲ, ನೀರನ್ನು ನೋಡುತ್ತಿದ್ದಳು. ಗಂಡೊಂದರ ಕಾವಲು ಸಾಲದೆ ಮರಿಗಳ ಗುಂಪಿಗೆ ಜಿಲೇಬಿ ಮೀನುಗಳು ಮುಗಿಬಿದ್ದವು. ಕೆಂಪು ಇಷ್ಟಗಲ ಇದ್ದದ್ದು ಅಂಗೈಯಗಲವಾಯಿತು, ಆಮೇಲೆ ಅದೂ ಇಲ್ಲ. ಅಷ್ಟಾದ ಮೇಲೆ ಅವರು ತಾಯಿಯನ್ನು ಬಹಳ ಜೋಪಾನವಾಗಿ, ಎರಡು ಕೈಯಲ್ಲಿ ಹಿಡಿದು, ನೀರಿಗೆ ಬಿಟ್ಟು ಚಪ್ಪಾಳೆ ತಟ್ಟಿದರು.

ಅವಳ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದಳು, ಎರಡು ಭಾಷೆಯಲ್ಲೂ ಅಂದಳು. ಟೋಪಿಯವರು ಹಿಂದೆ ಸರಿದು ಪ್ರಭಾಕರನ್‌ನನ್ನು ಮುಂದೆ ಬಿಟ್ಟರು.

"ಅತ್ತೆ, ಬೋರ್ಡು ನೋಡಿ," ಅಂದ ಅವನು. ದನಿ ಏರಿಸಲಿಲ್ಲ. "ನಿನ್ನೆಗೆ ಮುಗೀತು. ನಾವು ಒಂದು ದಿನ ಮೊದಲು ಬಂದಿಲ್ಲ. ಹೋದ ವರ್ಷವೂ ಬೋರ್ಡು ನೋಡಿ ವಾಪಸು ಹೋದೆವು. ಆ ತಾರೀಖು ನೀವೇ ಬರೆಸಿದ್ದು."

"ಅದು ಹಸಿವಿಗೆ ಕಚ್ಚಲಿಲ್ಲ ಕಣೋ ಪ್ರಭಾ. ಮರಿಗೆ ಏನೋ ಬಂತು ಅಂತ ಕಚ್ಚಿತು."

"ಬಿಟ್ಟುಬಿಟ್ಟೆವಲ್ಲ. ಒಂದು ಗಾಯ ಕೂಡ ಆಗಿಲ್ಲ."

"ಯಾರ ಹತ್ತಿರ ಬಿಟ್ಟೆ? ಮರಿ ಎಲ್ಲಿ, ತೋರಿಸು."

ಅವನು ನೀರಿನ ಕಡೆ ನೋಡಿದ. ಚಿಕ್ಕಂದಿನಲ್ಲಿ ಆ ಕೆಂಪು ಗುಂಪನ್ನು ಇದೇ ಅತ್ತೆ ದಡದಲ್ಲಿ ಕೂರಿಸಿ ತೋರಿಸಿದ್ದಳು, ಅವನಿಗೆ ಗೊತ್ತಿಲ್ಲದ್ದೇನಲ್ಲ. "ಕಾನೂನು ಪ್ರಕಾರ ನಡೀತಿದೀವಿ ಅತ್ತೆ," ಅಂತ ಹೇಳಿ ಫೋನು ನೋಡತೊಡಗಿದ. ಅವಳು ಕೋಲುಗಳ ಸಮೇತ ಏರಿ ಹತ್ತಿ ಹೋದಳು.

ಸೋಮವಾರ ಮೀನು ಆಫೀಸಿಗೆ ಹೋದಳು. ತಮಿಳ್‌ಸೆಲ್ವನ್ ಫೈಲು ತೆರೆದು, ಅವಳು ಹೇಳಿದ ತಾರೀಖುಗಳ ಮೇಲೆ ಬೆರಳಿಟ್ಟ.

"ಕಡಲಿಗೆ ತೂಬು ಇಲ್ಲ ಅಮ್ಮ," ಅಂದ. "ಅದು ತನ್ನ ಕಾಲಕ್ಕೆ ತಾನೇ ನಡೆಯುತ್ತೆ. ನಿಮ್ಮ ಕೆರೆಗೆ ಯಾರೋ ಬಾಗಿಲು ತೆಗೀಬೇಕು. ಇದು ನನಗೆ ಹೊಳೀಬೇಕಿತ್ತು."

"ಇವತ್ತು ನಿಲ್ಲಿಸಿ ಸಾರ್. ಆಗಸ್ಟ್ ನಡುವಿನ ತನಕ ನಿಲ್ಲಿಸಿದರೆ ಸಾಕು."

"ಆದೇಶ ಮೀರಿ ನಾನು ನಿಲ್ಲಿಸಿದರೆ ನಾಳೆ ಅವರೇ ನನ್ನ ಮೇಲೆ ಅರ್ಜಿ ಹಾಕ್ತಾರೆ. ತಿದ್ದೋಕೆ ಬರೆದು ಕಳಿಸ್ತೀನಿ. ಅದು ಮೇಲೆ ಹೋಗಿ ಕೆಳಗೆ ಬರೋಕೆ ತಿಂಗಳುಗಳೇ ಬೇಕು."

ಮಧ್ಯಾಹ್ನ ಊರಿಗೆ ಬಂದು ನೇರ ಮಾವನ ಮನೆಗೆ ಹೋದಳು. ಕಾಳಿಯಪ್ಪನ್ ಜಗಲಿಯ ಮೇಲೆ ಕೂತು ಬಾಳೆನಾರು ಹೊಸೆಯುತ್ತಿದ್ದರು. ಅವರ ಎದುರು ನಿಂತು, ಅವತ್ತು ಆಫೀಸಿನಲ್ಲಿ ತಾನು ನಿಜವಾಗಿ ಏನು ಹೇಳಿದ್ದೆ ಅನ್ನುವುದನ್ನು ಒಂದೂ ಬಿಡದೆ ಹೇಳಿದಳು. ಬೈಯಲಿ ಅಂತ ಕಾದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಎದೆ ಹಗುರಾಗುತ್ತಿತ್ತು. ಅವರು ನಾರಿನಿಂದ ಕಣ್ಣೆತ್ತಲಿಲ್ಲ.

"ದಾರ ಇನ್ನೂ ಬಿಚ್ಚಿಲ್ಲವಲ್ಲ," ಅಂದರು, ಅಷ್ಟೇ.

ಹಾಳಾದ ಮುದುಕ ಬೈಯಬಾರದಿತ್ತೆ ಅಂತ ಗೊಣಗುತ್ತ ಅವಳು ಏರಿಗೆ ಹೋದಳು. ಸ್ಪರ್ಧೆಯವರು ಎರಡನೆಯ ದಿನದ ಮೀನು ಅಳೆಯುತ್ತಿದ್ದರು. ತಾನೇ ಹೂವು ಹಾಕಿದ್ದ ಬೋರ್ಡಿನ ಮುಂದೆ ನಿಂತಳು. ಕಿತ್ತು ನೀರಿಗೆ ಎಸೆಯುವಷ್ಟು ರೋಷವಿತ್ತು, ಕೈ ಕೂಡ ಹಾಕಿದಳು. ಕಬ್ಬಿಣದ ಕಂಬ, ಅಲ್ಲಾಡಲಿಲ್ಲ. ಮೊದಲನೆಯ ಸಾಲು ಓದಿ ತನ್ನನ್ನು ತಾನೇ ಶಪಿಸಿಕೊಂಡಳು. ಎರಡು ಓದಿದಳು, ಮೂರು ಓದಿದಳು. ಯಾವಾಗಲೂ ಬೇಗ ಮುಗಿಸುತ್ತಿದ್ದ ನಾಲ್ಕನೆ ಸಾಲನ್ನು ಈ ಸಲ ನಿಧಾನವಾಗಿ, ಅಕ್ಷರ ಅಕ್ಷರವಾಗಿ ಓದಿದಳು. ಮತ್ತೆ ಒಮ್ಮೆ ಓದಿದಳು. ಅಲ್ಲಿಂದ ಮಣಿಮೇಗಲೈಯ ಮನೆಗೆ ಓಡಿದಳೋ ನಡೆದಳೋ ಅವಳಿಗೇ ನೆನಪಿಲ್ಲ.

ಮಣಿಮೇಗಲೈ ಪಕ್ಕದ ಬೀದಿಯವಳು, ನಾಟಿ ಹೆಂಗಸರ ಗುಂಪಿನ ಮುಂದಾಳು. ನಾಟಿಯ ಕಾಲ ಅದು, ಸಸಿ ಕಿತ್ತು ತಯಾರಿತ್ತು. ಆ ಊರಿನಲ್ಲಿ ನಾಟಿ ಮುಯ್ಯಾಳಿನ ಮೇಲೆ ನಡೆಯುತ್ತದೆ. ಇವತ್ತು ನಿನ್ನ ಗದ್ದೆಯಲ್ಲಿ ನಾನು ಬಗ್ಗಿದರೆ, ನಾಳೆ ನನ್ನ ಗದ್ದೆಯಲ್ಲಿ ನೀನು. ಇಂದ್ರಾಣಿ ಹೇಳಿದ್ದನ್ನು ಕೇಳಿ ಮಣಿಮೇಗಲೈ ಎಲೆಯಡಿಕೆ ಉಗಿದು ಬಂದಳು.

"ಎಷ್ಟು ದಿನ?"

"ಆಗಸ್ಟ್ ನಡುವಿನ ತನಕ."

"ದಿನಾ ಇಪ್ಪತ್ತೈದು ಜನ ದಡದಲ್ಲಿ ಕೂತರೆ ನಾಟಿ?"

"ಕೂತವಳ ಗದ್ದೆಯಲ್ಲಿ ಮಿಕ್ಕವರು ನೆಡಲಿ. ಕೆರೆಯಲ್ಲಿ ಕೂತದ್ದನ್ನೂ ಮುಯ್ಯಿ ಅಂತಲೇ ಹಿಡಿ."

ಮಣಿಮೇಗಲೈ ಬೆರಳು ಮಡಚಿ ಲೆಕ್ಕ ಹಾಕಿದಳು. "ನಿನ್ನ ಬಾಯಿಂದ ಬಂದ ಕಷ್ಟ, ನಮ್ಮ ಸೊಂಟಕ್ಕೆ," ಅಂದಳು. "ಕೋಲಿಗೇನು ಮಾಡೋದು?"

ಮಂಗಳವಾರ ಬೆಳಗ್ಗೆ ಐದೂವರೆಗೆ ರಾಜಾ ಶೆಡ್ಡಿನ ಬಾಗಿಲು ತೆಗೆದಾಗ, ಎದುರಿಗೆ ಇಪ್ಪತ್ತೈದು ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬಳ ಕೈಯಲ್ಲೂ ಬಾಳೆಗೆ ಕೊಡುವ ಊರುಗೋಲು, ಅದರ ತುದಿಗೆ ಕಾಳಿಯಪ್ಪನ್ ಹೊಸೆದ ಬಾಳೆನಾರಿನ ಹುರಿ. ಎಲ್ಲರ ಮುಂದೆ ಇಂದ್ರಾಣಿ.

"ಇದಕ್ಕೆ ಗಾಳವೇ ಇಲ್ಲವಲ್ಲ ಅಕ್ಕ," ಅಂದ ರಾಜಾ.

"ಗಾಳ ಇರಲೇಬೇಕು ಅಂತ ಬೋರ್ಡಿನಲ್ಲಿ ಎಲ್ಲಿದೆ, ಓದು."

ಅವನು ಹೊರಗೆ ಬಂದು ಬೋರ್ಡು ಓದಿದ. ಒಳಗೆ ಹೋಗಿ ಟೋಕನ್ ಕಟ್ಟು ತಂದ. ಏಳು ಗಂಟೆಗೆ ಪ್ರಭಾಕರನ್‌ನ ಕಾರುಗಳು ಬಂದಾಗ ಶೆಡ್ಡಿನ ಮುಂದೆ 'ಇವತ್ತಿನ ಟೋಕನ್ ಮುಗಿದಿದೆ' ಅಂತ ಹಲಗೆ ನೇತಾಡುತ್ತಿತ್ತು. ಕೆರೆಯ ಸುತ್ತ ಹೆಂಗಸರು ಸೆರಗು ಹೊದ್ದು, ಕೋಲು ನೀರಿನ ಮೇಲೆ ಚಾಚಿ, ಅಲ್ಲಿಂದಲ್ಲಿಗೇ ಮಾತಾಡಿಕೊಂಡು ಕೂತಿದ್ದರು.

"ಅತ್ತೆ, ಇದು ಮೋಸ," ಅಂದ ಪ್ರಭಾಕರನ್.

"ಕಾನೂನಪ್ಪ," ಅಂದಳು ಇಂದ್ರಾಣಿ. ಎರಡು ದಿನದಿಂದ ಅನ್ನ ಸೇರದಿದ್ದ ಹೊಟ್ಟೆಗೆ ಆಗ ಹಸಿವಾಯಿತು, ಬುತ್ತಿ ಬಿಚ್ಚಿದಳು.

ಅವನೇನು ಸುಲಭಕ್ಕೆ ಬಿಡುವವನಲ್ಲ. ಬುಧವಾರ ಪಕ್ಕದೂರಿನಿಂದ ಕೂಲಿಗೆ ಹತ್ತು ಜನ ಗಂಡಸರನ್ನು ತಂದು ಐದಕ್ಕೇ ಸಾಲಿನಲ್ಲಿ ನಿಲ್ಲಿಸಿದ. ಅವರಲ್ಲೊಬ್ಬ ನಾಟಿ ಗುಂಪಿನ ಪಾಂಡಿಯಮ್ಮಾಳ್ ಅನ್ನುವವಳ ತಮ್ಮ. ಅಕ್ಕ ಊರುಗೋಲು ಹಿಡಿದು ಬರುವುದನ್ನು ಕಂಡು ಮುಖ ತಗ್ಗಿಸಿದ. ಅವಳು ಅವನ ಹಿಂದೆಯೇ ನಿಂತು ಬೆನ್ನಿಗೆ ಕಣ್ಣು ನೆಟ್ಟಳು. ಐದೂವರೆಯ ಹೊತ್ತಿಗೆ ಅವನು ಬೀಡಿ ಸೇದಿ ಬರುತ್ತೇನೆ ಅಂತ ಹೋದವನು ಬರಲಿಲ್ಲ, ಅವನ ಹಿಂದೆ ಇನ್ನೂ ನಾಲ್ವರು ಹೋದರು. ಅವತ್ತು ಐದು ಟೋಕನ್ ಆ ಕಡೆಯವರಿಗೆ ಸಿಕ್ಕಿತು. ಸಂಜೆಯೊಳಗೆ ಇನ್ನೊಂದು ಗುಂಪು ಮರಿ ಹೋಯಿತು. ಇಂದ್ರಾಣಿ ಕತ್ತಲಾಗುವ ತನಕ ಆ ಜಾಗದಿಂದ ಕದಲಲಿಲ್ಲ. ಗುರುವಾರ ಹೆಂಗಸರು ನಾಲ್ಕಕ್ಕೇ ಬಂದು ಶೆಡ್ಡಿನ ಬಾಗಿಲಿಗೆ ಒರಗಿ ಕೂತರು. ಭಾನುವಾರ ಸ್ಪರ್ಧೆಯವರು ಬ್ಯಾನರು ಬಿಚ್ಚಿಕೊಂಡು ಹೋದರು. ಶನಿವಾರ ಭಾನುವಾರ ಬಿಡದೆ ಬರುತ್ತೇವೆ ಅಂತ ಹೇಳಿ ಹೋದರು.

ಹೆಂಗಸರು ಕೂರತೊಡಗಿದ ಹತ್ತನೆಯ ದಿನ, ಮಧ್ಯಾಹ್ನ, ತಮಿಳ್‌ಸೆಲ್ವನ್ ಬೈಕಿನಲ್ಲಿ ಬಂದ. ಕೈಯಲ್ಲಿ ಫಾರ್ಮು. ಹೆಂಗಸರ ಸುದ್ದಿ ಮೇಲಿನ ತನಕ ಹೋಗಿತ್ತು, ತಿದ್ದುಪಡಿ ಬೇಗ ಕಳಿಸು ಅಂತ ಅವನಿಗೆ ಫೋನು ಬಂದಿತ್ತು.

"ತಾರೀಖು ಹೇಳಿ ಅಮ್ಮ," ಅಂದ. "ಇವತ್ತೇ ಕಳಿಸ್ತೀನಿ. ಎರಡು ದಿನದಲ್ಲಿ ಆದೇಶ ಬರುತ್ತೆ. ಆಮೇಲೆ ನೀವೆಲ್ಲ ಮನೆಗೆ ಹೋಗಬಹುದು."

ಹೆಂಗಸರು ಕೋಲು ಕೆಳಗಿಟ್ಟು ಸುತ್ತ ಬಂದು ನಿಂತರು. ಬಿಸಿಲಿಗೆ ಎಲ್ಲರ ಮುಖ ಕಪ್ಪಾಗಿತ್ತು. ಕೆಸರಿನಲ್ಲಿ ಕೂತು ಕೂತು ಮಣಿಮೇಗಲೈಯ ಕಾಲು ಊದಿತ್ತು. ಇಪ್ಪತ್ತನಾಲ್ಕು ಜೊತೆ ಕಣ್ಣು ಇಂದ್ರಾಣಿಯ ಬಾಯಿಯ ಮೇಲೆ. ಫಾರ್ಮಿನಲ್ಲಿ ಅವೇ ಎರಡು ಚೌಕ. ಆಗಸ್ಟ್ ಹದಿನೈದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಈ ವರ್ಷಕ್ಕೆ ಎಲ್ಲ ಮುಗಿಯುತ್ತಿತ್ತು. ಮುಂದಿನ ವರ್ಷ ನೀರು ಜೂನ್ ಒಂದಕ್ಕೇ ಬಂದರೆ?

ನಾಲಿಗೆ ಕಚ್ಚಿಕೊಂಡಳು. ನೋವಾಗುವಷ್ಟು ಕಚ್ಚಿಕೊಂಡಳು. ತೂಬಿನ ಕಟ್ಟೆಯ ಮೇಲೆ ನಾರು ಹೊಸೆಯುತ್ತ ಕೂತಿದ್ದ ಕಾಳಿಯಪ್ಪನ್ ಕಡೆ ಕೈ ತೋರಿಸಿದಳು.

"ಅವರನ್ನ ಕೇಳು ತಂಬಿ. ಅವತ್ತೂ ಅವರು ಹೇಳಿದ್ದನ್ನ ನಾನು ಹೇಳಲಿಲ್ಲ."

ಅವನು ಹೋಗಿ ಮುದುಕರ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದ. ಅವರು ದಾರದ ಕಡೆ ನೋಡಿ, ಎರಡು ವರ್ಷದ ಹಿಂದೆ ಹೇಳಿದ್ದನ್ನೇ ಹೇಳಿದರು. "ಕಾಪು ಕಟ್ಟಿದ ದಿನದಿಂದ, ಮರಿ ತಾಯನ್ನ ಬಿಡೋ ತನಕ."

ತಮಿಳ್‌ಸೆಲ್ವನ್ ತಿರುಗಿ ಇಂದ್ರಾಣಿಯನ್ನು ನೋಡಿದ. ಅವಳು ಈ ಸಲ ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಕಳೆಯಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ತಮಿಳಿನಲ್ಲಿ ಹೇಳಿದಳು.

"ಇದಕ್ಕೆ ಫಾರ್ಮಿನಲ್ಲಿ ಜಾಗ ಇಲ್ಲ ಅಮ್ಮ. ವಾಪಸು ಕಳಿಸ್ತಾರೆ."

"ಕಳಿಸಲಿ."

ಅವನು ನೀರಿನತ್ತ ತಿರುಗಿದ. ಹುಲ್ಲಿನ ಅಂಚಿನಲ್ಲಿ ಒಂದು ಕೆಂಪು ಗುಂಪು ಮೇಲೆ ಬಂತು, ಉಸಿರು ತೆಗೆದುಕೊಂಡು ಇಳಿಯಿತು. ಆಮೇಲೆ ಫಾರ್ಮನ್ನು ಮೊಣಕಾಲಿನ ಮೇಲಿಟ್ಟು, ಎರಡು ಚೌಕಗಳ ಗೆರೆ ದಾಟಿಸಿ, ಮುದುಕರ ಮಾತನ್ನು ಉದ್ದಕ್ಕೆ ಬರೆದ. ಕೆಳಗೆ ಸಹಿ ಹಾಕಿದ.

"ಉತ್ತರ ಯಾವಾಗ ಬರುತ್ತೋ, ಏನು ಬರುತ್ತೋ, ನನಗೆ ಗೊತ್ತಿಲ್ಲ," ಅಂದ.

"ಬರೋ ತನಕ ನಾಳೆಯ ಟೋಕನ್ ಇಪ್ಪತ್ತೈದು ಎತ್ತಿಡು ಅಂತ ರಾಜಾಗೆ ಹೇಳಿ ಹೋಗು," ಅಂದಳು ಇಂದ್ರಾಣಿ. ಕೆಳಗಿಟ್ಟಿದ್ದ ಊರುಗೋಲನ್ನು ಎತ್ತಿಕೊಂಡು, ತನ್ನ ಜಾಗಕ್ಕೆ ಹೋಗಿ ಕೂತಳು.